ಬಾಗದ ಲಂಗರು

ಕಳೆದ ತಿಂಗಳು ನಾಗಮಂಗಲದಲ್ಲಿ ನಮ್ಮ ಮನೆ ಮುಂದಿನ ರಸ್ತೆಗೆ ಡಾಂಬರು ಬಿತ್ತು. ಬಹಳ ವರ್ಷಗಳ ಮೇಲೆ ಬಿದ್ದದ್ದರಿಂದ ಬೀದಿಯವರೆಲ್ಲ ಗೇಟಿನ ಹತ್ತಿರ ನಿಂತು ಮದುವೆ ಮೆರವಣಿಗೆ ನೋಡುವ ಹಾಗೆ ನೋಡಿದರು. ನಾನೂ ನಿಂತೆ. ಬೇರೆಯವರೆಲ್ಲ ಮೂಗು ಮುಚ್ಚಿಕೊಂಡರೆ ನಾನು ಮಾತ್ರ ಮೂಗು ಮುಂದೆ ಮಾಡಿ ಉಸಿರೆಳೆದುಕೊಳ್ಳುತ್ತಿದ್ದೆ. "ನಿಮಗೆ ಬೇರೆ ಕೆಲಸ ಇಲ್ವೇ, ಒಳಗೆ ಬನ್ನಿ, ಕೆಮ್ಮು ಬರುತ್ತೆ" ಎಂದು ಹೆಂಡತಿ ಕರೆದಳು. ಕೆಮ್ಮು ಬಂತು. ಕೆಮ್ಮಿನ ಜೊತೆಗೆ ಒಂದು ಹರಿಗೋಲೂ ಬಂತು.

ಹರಿಗೋಲೆಂದರೆ ಬಿದಿರಿನ ದೊಡ್ಡ ಬುಟ್ಟಿ, ಅಷ್ಟೆ. ಹಿಂದೆ ಅದರ ಹೊರಮೈಗೆ ಚರ್ಮ ಹೊದಿಸುತ್ತಿದ್ದರಂತೆ. ನನ್ನ ಕಾಲಕ್ಕೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಬಿಚ್ಚಿ, ಹೊಲಿದು, ಅದರ ಮೇಲೆ ಡಾಂಬರು ಬಳಿಯುತ್ತಿದ್ದರು. ಬಿಸಿಲಿಗೆ ಆ ಡಾಂಬರು ಮೆತ್ತಗಾಗಿ ಬಿದಿರಿನ ಸಂದಿಯಿಂದ ಒಳಕ್ಕೆ ಜಿನುಗಿ ಕೂತವರ ಹಿಂಬದಿಗೆ ಅಂಟಿಕೊಳ್ಳುತ್ತಿತ್ತು. ನನ್ನ ಯೌವನದ ಒಂದು ಒಳ್ಳೆಯ ಪ್ಯಾಂಟು ಹಾಗೆ ಹಾಳಾಯಿತು ಎಂದು ನನ್ನ ನೆನಪು. ನನ್ನ ಸೋದರಮಾವನ ಹೆಂಡತಿ, ಅಂದರೆ ಅತ್ತೆಯ ಪ್ರಕಾರ ಆ ಪ್ಯಾಂಟು ಹಾಳಾದದ್ದು ಹರಿಗೋಲಿನಿಂದಲ್ಲ, ಇಸ್ತ್ರಿಪೆಟ್ಟಿಗೆಯಿಂದ. ಇಂಥ ತಕರಾರುಗಳು ಮುಂದೆಯೂ ಬರುತ್ತವೆ, ಸಹಿಸಿಕೊಳ್ಳಿ. ನಾವು ಆಚಾರಿಗಳು, ಮನೆಯಲ್ಲಿ ಮೀನು ಮಾಂಸ ಮುಟ್ಟುವವರಲ್ಲ. ಮೈಸೂರಿಗೆ ಎಂ.ಎ. ಓದಲು ಹೋದ ನಾನು ಅಲ್ಲಿ ಕಲಿತದ್ದು ಎರಡೇ: ಯಾವುದನ್ನೂ ನಂಬದಿರುವುದು ಮತ್ತು ಮೀನು ತಿನ್ನುವುದು. ಎರಡನೆಯದರಿಂದ ನನಗೆ ಯಾವತ್ತೂ ತೊಂದರೆಯಾಗಿಲ್ಲ.

ಹರಿಗೋಲು ಪ್ಯಾರಣ್ಣನದು. ಅದರಲ್ಲಿ ಸದಾ ಎದುರಿಗೆ ಕೂತಿರುತ್ತಿದ್ದವನು ನನ್ನ ಸೋದರಮಾವ ಚನ್ನಾಚಾರಿ. ಮಾವನ ಕುಲುಮೆ ಪಾಂಡವಪುರದಲ್ಲಿ, ಸಕ್ಕರೆ ಕಾರ್ಖಾನೆಗೆ ಹೋಗುವ ದಾರಿಯಲ್ಲಿತ್ತು. ಕಬ್ಬು ಕಡಿಯುವ ಮಚ್ಚು, ಕುಡುಗೋಲು, ಗುದ್ದಲಿ, ಟ್ರಾಕ್ಟರಿನ ಕೊಂಡಿ, ಲಾರಿಯ ಅಡಿಯ ಸ್ಪ್ರಿಂಗ್ ಪಟ್ಟಾ, ಇವು ಅವನ ಬದುಕು. ಮಾವನಿಗೆ ತನ್ನ ಕೈಕೆಲಸದ ಬಗ್ಗೆ ಇದ್ದದ್ದು ಅಭಿಮಾನ ಎಂದರೆ ಕಡಿಮೆಯಾಗುತ್ತದೆ. ಅದೊಂದು ರೋಗ. ಯಾರಾದರೂ ಎರಡನೆಯ ಸಲ ಮಚ್ಚು ಸಾಣೆ ಹಿಡಿಸಲು ಬಂದರೆ, "ಇಷ್ಟು ಬೇಗ ಮೊಂಡಾಗೋಕೆ ಏನ್ಲಾ ಕಡಿದೆ, ರೈಲು ಕಂಬೀನಾ?" ಎಂದು ಬೈದು ಕಳಿಸುತ್ತಿದ್ದ. ಗಿರಾಕಿಗಳು ಕಡಿಮೆಯಾದರು ಎಂದು ಅತ್ತೆ ಗೊಣಗಿದರೆ, ತನ್ನ ಸಾಮಾನು ಕೆಡುವುದಿಲ್ಲವಾದ್ದರಿಂದ ಜನಕ್ಕೆ ಮತ್ತೆ ಬರುವ ಅಗತ್ಯವಿಲ್ಲ ಎಂದು ವಿವರಿಸುತ್ತಿದ್ದ. ಈ ವಾದದಲ್ಲಿ ತಪ್ಪು ಹುಡುಕಲು ನನ್ನ ಎಂ.ಎ. ಸಾಲಲಿಲ್ಲ.

ಪ್ಯಾರೆಜಾನ್ ಎಂಬ ಹೆಸರಿನ ಪ್ಯಾರಣ್ಣ ಟೆಂಪೋ ಓಡಿಸುತ್ತಿದ್ದ. ವಾರವೆಲ್ಲ ಇಟ್ಟಿಗೆ, ಬೆಲ್ಲ, ತೆಂಗಿನಕಾಯಿ ಹೊಡೆದು, ಭಾನುವಾರ ಬಂತೆಂದರೆ ಕನ್ನಂಬಾಡಿ ಹಿನ್ನೀರಿಗೆ ಹೋಗಿ ಗಾಳ ಹಾಕಿ ಕೂರುತ್ತಿದ್ದ. ಟೆಂಪೋದ ಪಟ್ಟಾ ಮುರಿದಾಗಲೆಲ್ಲ ಮಾವನ ಕುಲುಮೆಗೆ ಬರುತ್ತಿದ್ದವನು, ಕಾಲಕ್ರಮೇಣ ಪಟ್ಟಾ ಮುರಿಯದಿದ್ದಾಗಲೂ ಬರತೊಡಗಿದ. ಇಬ್ಬರೂ ಸುಳ್ಳು ಹೇಳುವುದರಲ್ಲಿ ಸಮಬಲರು. ಮಾವನ ಸುಳ್ಳು ಹಿಂದಿನ ಕಾಲದ್ದು, ಪ್ಯಾರಣ್ಣನದು ಹೋದ ವಾರದ್ದು. ಹೀಗೆ ಕ್ಷೇತ್ರ ಬೇರೆ ಬೇರೆ ಆದದ್ದರಿಂದ ಘರ್ಷಣೆ ಇರಲಿಲ್ಲ.

ಮಾವ ಮೀನು ತಿನ್ನುವುದಿರಲಿ, ಮೀನನ್ನು ನೇರವಾಗಿ ನೋಡುತ್ತಲೂ ಇರಲಿಲ್ಲ. ಗಾಳಕ್ಕೆ ಮೀನು ಸಿಕ್ಕಿತೆಂದರೆ ಹರಿಗೋಲಿನಲ್ಲೇ ಆ ಕಡೆ ತಿರುಗಿ ಕೂತು, ಮೊಸರನ್ನದ ಡಬ್ಬಿಯನ್ನು ತೊಡೆಯ ಸಂದಿಯಲ್ಲಿ ಬಚ್ಚಿಟ್ಟುಕೊಂಡು, "ಆಯ್ತೇನ್ಲಾ?" ಎನ್ನುತ್ತಿದ್ದ. "ಆಯ್ತು, ತಿರುಗು" ಎಂದು ಪ್ಯಾರಣ್ಣ ಹೇಳಿದ ಮೇಲೆಯೇ ಮುಖ ಈ ಕಡೆ. ಮನೆಗೆ ಹೋದರೆ ಅತ್ತೆ ಅವನನ್ನು ಹಿತ್ತಲಿನಲ್ಲಿ ನಿಲ್ಲಿಸಿ ತಲೆಯ ಮೇಲೆ ನೀರು ಸುರಿದು ಒಳಗೆ ಬಿಡುತ್ತಿದ್ದಳು. ಇಷ್ಟೆಲ್ಲ ಪಾಡುಪಟ್ಟು ಯಾಕೆ ಹೋಗುತ್ತಿದ್ದನೆಂದರೆ, ಅಲ್ಲಿ ನೀರಿನ ಕೆಳಗೆ ಕಾಳವ್ವ ಇದ್ದಳು.

ಕಟ್ಟೆ ಕಟ್ಟುವ ಮುಂಚೆ ನಮ್ಮವರ ಊರು ಆ ಹಿನ್ನೀರಿನ ಜಾಗದಲ್ಲಿ ಎಲ್ಲೋ ಇತ್ತಂತೆ. ಮಾವನ ಅಜ್ಜನ ಕುಲುಮೆ ಅಲ್ಲಿ, ಕುಲುಮೆಯ ಪಕ್ಕದಲ್ಲಿ ಕಾಳಮ್ಮನ ಗುಡಿ. ನೀರು ಬಂದಾಗ ಅಜ್ಜ ಕಬ್ಬಿಣ ಬಡಿಯುವ ಅಡಿಗಲ್ಲು ಹೊತ್ತುಕೊಂಡು ಬಂದ, ಗುಡಿ ಉಳಿಯಿತು. ಇಷ್ಟು ನಿಜವಿದ್ದೀತು. ಆದರೆ ಪ್ಯಾರಣ್ಣ ಒಂದು ದಿನ ನೀರಿನ ಕೆಳಗೆ ಒಂದು ಗೋಡೆ ಪತ್ತೆ ಮಾಡಿದ. ಗಾಳದ ಸೀಸದ ಗುಂಡು ಠಣ್ಣೆಂದು ಬಡಿಯುವ ಜಾಗ, ಸುತ್ತ ಬಾಳೆಮೀನು ಸಂತೆಗೆ ಬಂದ ಹಾಗೆ ಸೇರುವ ಜಾಗ. ಸುದ್ದಿ ಕೇಳಿದ್ದೇ ತಡ, ಮಾವ ಅದು ಕಾಳವ್ವನ ಗುಡಿಯೇ ಎಂದು ತೀರ್ಮಾನಿಸಿಬಿಟ್ಟ. "ಅಮ್ಮ ಮೀನ ಸಾಕವ್ಳೆ ಕಣ್ಲಾ" ಎಂದು ಭಕ್ತಿಯಿಂದ ಹೇಳಿದ. ಸಾಕಿದ ಮೀನನ್ನು ಹಿಡಿಯಬಹುದೇ ಎಂದು ಪ್ಯಾರಣ್ಣ ಕೇಳಿದ. ಮಾವ ಯೋಚಿಸಿ, ಪ್ಯಾರಣ್ಣನ ಮಟ್ಟಿಗೆ ಅಡ್ಡಿಯಿಲ್ಲ, ಅವನು ಅಮ್ಮನ ಒಕ್ಕಲಲ್ಲ ಎಂದು ತೀರ್ಪು ಕೊಟ್ಟ.

ವಾರಾಂತ್ಯಕ್ಕೆ ಮೈಸೂರಿನಿಂದ ಬರುತ್ತಿದ್ದ ನನ್ನನ್ನು ಈ ಶೋಧದ ತಜ್ಞನನ್ನಾಗಿ ನೇಮಿಸಿದರು. ಒಮ್ಮೆ ಗಾಳಕ್ಕೆ ಸಿಕ್ಕಿ ಒಂದು ಇಟ್ಟಿಗೆಯ ಚೂರು ಮೇಲೆ ಬಂತು. ಪಾಚಿ ಕೆರೆದು, ತಿರುಗಿಸಿ, ಬಿಸಿಲಿಗೆ ಹಿಡಿದು ನೋಡಿ, "ಇದು ತುಂಬಾ ಹಳೇದು" ಎಂದೆ. ನಾನು ಓದುತ್ತಿದ್ದದ್ದು ಇತಿಹಾಸ. ನಂಬಬಾರದೆಂದು ಕಲಿಸಿದ್ದರೇ ಹೊರತು ಇಟ್ಟಿಗೆ ನೋಡುವುದನ್ನು ಯಾರೂ ಕಲಿಸಿರಲಿಲ್ಲ. ಆದರೂ ಅಂದಿನಿಂದ ಆ ಗೋಡೆಗೆ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು. ಹರಿಗೋಲು ಅಲ್ಲಿಗೆ ಬಂದಾಗಲೆಲ್ಲ ಮಾವ ಕೈಮುಗಿಯುತ್ತಿದ್ದ, ಪ್ಯಾರಣ್ಣ ಸಲಾಮು ಮಾಡುತ್ತಿದ್ದ. ನಾಸ್ತಿಕನಾದ ನಾನು ಕೂಡ ಕತ್ತನ್ನು ಸ್ವಲ್ಪ ಬಗ್ಗಿಸುತ್ತಿದ್ದೆ, ಹೊಳೆಯ ಬಿಸಿಲಿಗೆ ಎಂಬಂತೆ.

ಈಗ ಲಂಗರಿನ ವಿಷಯಕ್ಕೆ ಬರೋಣ. ನೀರಿನ ಕೆಳಗಿನ ಗೋಡೆಯ ಮೇಲೆ ಹರಿಗೋಲು ನಿಲ್ಲಿಸುವುದು ಸುಲಭವಲ್ಲ. ಮೊದಲು ಜಾಗ ಸಿಗಬೇಕು. ಕುಂತಿಬೆಟ್ಟದ ಎರಡು ತಲೆಗಳ ನಡುವೆ ದಡದ ಒಂಟಿ ಗೋಣಿಮರ ಬಂದು ಕೂತರೆ ಒಂದು ಗುರುತು, ಎಡಗಡೆಯ ಬಂಡೆ ಪಂಚಾಯ್ತಿ ಟ್ಯಾಂಕನ್ನು ಮುಚ್ಚಿದರೆ ಇನ್ನೊಂದು. ಎರಡೂ ಕೂಡಿದರೆ ಕೆಳಗೆ ಗೋಡೆ. ಆದರೆ ಅಲ್ಲೇ ಕಲ್ಲು ಇಳಿಬಿಟ್ಟರೆ ಗಾಳಿ ನಿಮ್ಮನ್ನು ಆಚೆ ತಳ್ಳಿ, ಮೀನು ಇಲ್ಲಿ, ನೀವು ಅಲ್ಲಿ ಆಗುತ್ತದೆ. ಹಾಗಾಗಿ ಗಾಳಿ ಬರುವ ಕಡೆಗೆ ಇನ್ನಷ್ಟು ದೂರ ಹುಟ್ಟು ಹಾಕಿ, ಅಲ್ಲಿ ಲಂಗರು ಬಿಟ್ಟು, ಹಗ್ಗ ಸಡಿಲಿಸುತ್ತ ಹಿಂದಕ್ಕೆ ತೇಲಿ ಬಂದು, ಗೋಡೆಯ ನೆತ್ತಿಯ ಮೇಲೆ ಹಗ್ಗ ಬಿಗಿಯಬೇಕು. ಪ್ಯಾರಣ್ಣ ಇದನ್ನು ಟೆಂಪೋ ರಿವರ್ಸ್ ಹಾಕಿದಷ್ಟು ಸಲೀಸಾಗಿ ಮಾಡುತ್ತಿದ್ದ. ಟೆಂಪೋ ರಿವರ್ಸ್ ಹಾಕುವಾಗ ಮಾವನ ಕುಲುಮೆಯ ಚಪ್ಪರಕ್ಕೆ ಅವನು ಗುದ್ದಿದ್ದೂ ಉಂಟು.

ಕಷ್ಟವಿದ್ದದ್ದು ಲಂಗರಿನಲ್ಲಿ. ಗುಂಡುಕಲ್ಲು ಕಟ್ಟಿದರೆ ಕೆಸರಿನಲ್ಲಿ ಜಾರುತ್ತಿತ್ತು. ಇಲ್ಲವೆ ಬಿದ್ದ ಗೋಡೆಯ ಸಂದಿಗೆ ಸಿಕ್ಕಿಕೊಂಡು, ಕೊನೆಗೆ ಹಗ್ಗ ಕೊಯ್ದು ಕಲ್ಲನ್ನು ಅಮ್ಮನಿಗೆ ಬಿಟ್ಟು ಬರಬೇಕಾಗುತ್ತಿತ್ತು. ಹೀಗೆ ಹೋದ ಕಲ್ಲುಗಳಲ್ಲಿ ಪ್ಯಾರಣ್ಣನ ಹೆಂಡತಿಯ ರುಬ್ಬುಗುಂಡೂ ಒಂದು. ಅದು ಹೋದ ದಿನ ಅವರ ಮನೆಯಲ್ಲಿ ಏನೇನಾಯಿತೆಂದು ಅವನು ಪೂರ್ತಿ ಹೇಳಲಿಲ್ಲ. ಮರುದಿನ ಬೆಳಿಗ್ಗೆಯೇ ಕುಲುಮೆಗೆ ಬಂದು ಕೂತ.

"ಆಚಾರಿ, ನಂಗೊಂದು ಕೊಕ್ಕೆ ಲಂಗರು ಮಾಡ್ಕೊಡು. ನಾಕು ಕೊಕ್ಕೆ ಇರ್‍ಲಿ. ಸಣ್ಣ ಕಂಬಿ ಆಕು. ಸಿಕ್ಕಾಕ್ಕೊಂಡ್ರೆ ಜೋರಾಗಿ ಎಳುದ್ರೆ ಬಾಗ್ಬೇಕು, ಬಾಗಿ ಬುಟ್ಕೊಂಡು ಮೇಲಕ್ಕೆ ಬರ್ಬೇಕು. ಆಮೇಲೆ ಕೈಯಲ್ಲೇ ಮತ್ತೆ ಬಗ್ಗಿಸ್ಕೊಂಡ್ರಾಯ್ತು. ಸಮುದ್ರದವರು ಅಂಗೇ ಮಾಡ್ತಾರಂತೆ."

ಮಾವ ತಿದಿ ಒತ್ತುವುದನ್ನು ನಿಲ್ಲಿಸಿದ. "ಏನಂದೆ?"

"ಬಾಗ್ಬೇಕು ಅಂದೆ."

"ನನ್ನ ಕುಲುಮೇಲಿ?"

"ಇನ್ಯಾರ ಕುಲುಮೇಲಿ ಮಾಡಿಸ್ಲಿ ಭಾಯ್?"

"ಲೇ ಪ್ಯಾರು, ನಮ್ಮಜ್ಜನ ಕಾಲ್ದಿಂದ ಬಾಗ್ದೇ ಇರೋ ಸಾಮಾನು ಮಾಡ್ಕೊಂಡು ಬಂದಿವ್ನಿ. ಎಳುದ್ರೆ ಬಾಗೋದು ಬೇಕಾದ್ರೆ ಓಗಿ ಪ್ಲಾಸ್ಟಿಕ್ ಅಂಗ್ಡೀಲಿ ತಗೋ. ನಾಳೆ ಅದ ಯಾರಾದ್ರೂ ನೋಡಿ ಚನ್ನಾಚಾರಿ ಮಾಡಿದ್ದು ಬಾಗೋಯ್ತು ಅಂದ್ರೆ ನಾನು ಯಾವ ಮಕ ಇಟ್ಕೊಂಡು ತಿರುಗ್ಲಿ?"

ಬಾಗುವುದೇ ಅದರ ಕೆಲಸ ಎಂದು ಪ್ಯಾರಣ್ಣ ವಿವರಿಸಿದ. ಮೀನುಗಾರನಿಗೆ ಒಳ್ಳೆಯ ಲಂಗರೆಂದರೆ ಹಿಡಿಯುವುದೂ ಗೊತ್ತಿರಬೇಕು, ಬಿಡುವುದೂ ಗೊತ್ತಿರಬೇಕು ಎಂದ. ನಾನೂ ಪಕ್ಕದಲ್ಲಿ ಕೂತು ಅದಕ್ಕೆ ತಾತ್ವಿಕ ಬೆಂಬಲ ಕೊಟ್ಟೆ. ಮಾವ ಇಬ್ಬರನ್ನೂ ಹೊರಗೆ ಕಳಿಸಿದ. ಮುಂದಿನ ಭಾನುವಾರ ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದ ವಸ್ತುವನ್ನು ದಡದ ಮೇಲೆ ಬಿಚ್ಚಿದ. ಲಾರಿಯ ಹಳೆ ಪಟ್ಟಾ ಕಾಯಿಸಿ, ಬಡಿದು, ಹದ ಕೊಟ್ಟು ಮಾಡಿದ ನಾಲ್ಕು ಕೊಕ್ಕೆ. ತುದಿ ಹುಲಿಯುಗುರಿನ ಹಾಗೆ. ಹಗ್ಗ ಕಟ್ಟಲು ಮೇಲೊಂದು ದಪ್ಪ ಬಳೆ. ಎರಡು ಆನೆ ಎರಡು ಕಡೆಯಿಂದ ಎಳೆದರೂ ಅಲ್ಲಾಡದ ವಸ್ತು.

"ಇದ ಆಕುದ್ರೆ ಕಟ್ಟೇನೇ ಕಿತ್ಕೊಂಡು ಬತ್ತದೆ" ಎಂದ ಪ್ಯಾರಣ್ಣ, ಅರ್ಧ ಭಯದಲ್ಲಿ, ಅರ್ಧ ಹೆಮ್ಮೆಯಲ್ಲಿ. ಚೆಂದದ ವಸ್ತುವನ್ನು ಬೇಡ ಎನ್ನಲು ಅವನಿಗೂ ಮನಸ್ಸು ಬರಲಿಲ್ಲ. ಹೊಸ ನೈಲಾನ್ ಹಗ್ಗ ತಂದು ಬಳೆಗೆ ಕಟ್ಟಿದರು. ಗಂಟು ಹಾಕಿದವನೂ ಮಾವನೇ.

ಕೆಲವು ವಾರ ಲಂಗರು ಕೆಸರಿನಲ್ಲಿ ಕಚ್ಚಿ ಒಳ್ಳೆಯದಾಗಿ ನಡೆದುಕೊಂಡಿತು. ಮಾವ ಗಾಳದ ಕಡೆ ನೋಡದೆ ಹಗ್ಗದ ಕಡೆಯೇ ನೋಡಿಕೊಂಡು ಮೊಸರನ್ನ ತಿನ್ನುತ್ತಿದ್ದ. ಆಮೇಲೆ ಆ ದಿನ ಬಂತು. ಆಷಾಢದ ಗಾಳಿಯ ದಿನ ಎಂದು ನನ್ನ ನೆನಪು. ಆಕಾಶ ಕೆಂಪಾಗಿತ್ತು ಎಂದೂ ನೆನಪು, ಆದರೆ ಮಧ್ಯಾಹ್ನದ ಊಟ ಆಗಷ್ಟೇ ಮುಗಿದಿತ್ತು ಎನ್ನುವುದೂ ನೆನಪಿರುವುದರಿಂದ ಆ ಕೆಂಪನ್ನು ಆಮೇಲೆ ನಾನೇ ಬಳಿದಿರಬೇಕು. ಅಂದು ಪ್ಯಾರಣ್ಣ ಗಾಳಿಯ ಲೆಕ್ಕ ತಪ್ಪಿ ಲಂಗರನ್ನು ಗೋಡೆಗೆ ತೀರಾ ಹತ್ತಿರ ಬಿಟ್ಟ. ಅದು ಹೋಗಿ ಗೋಡೆಯನ್ನೇ ಹಿಡಿಯಿತು.

ಎಳೆದೆವು. ಮೂವರೂ ಎಳೆದೆವು. ಗೋಡೆಯ ಆಚೆ ಕಡೆಗೆ ಹೋಗಿ ಎಳೆಯೋಣವೆಂದರೆ ಗಾಳಿ ಬಿಡಲಿಲ್ಲ. ಹಗ್ಗ ಎಳೆದಂತೆಲ್ಲ ಹರಿಗೋಲಿನ ಒಂದು ಅಂಚು ನೀರಿಗೆ ಬಾಗುತ್ತಿತ್ತು, ಅಲೆಗಳು ಒಳಗೆ ಇಣುಕುತ್ತಿದ್ದವು. ನೀರು ಮೂರಾಳು ಇತ್ತು. ನಮ್ಮಲ್ಲಿ ಈಜು ಬರುತ್ತಿದ್ದದ್ದು ಬುಟ್ಟಿಯೊಳಗಿನ ಮೀನಿಗೆ ಮಾತ್ರ.

"ಮಾಮು, ಕುಯ್ಬೇಕು" ಎಂದ ಪ್ಯಾರಣ್ಣ. ಅವನು ಗಾಬರಿಯಾದರೆ ಮಾವನನ್ನು ಮಾಮು ಎನ್ನುತ್ತಿದ್ದ.

"ಕುಯ್ದ್ರೆ ನಿನ್ ಕೈ ಕುಯ್ತೀನಿ. ಕಾಳವ್ವ ಇಡ್ಕೊಂಡವ್ಳೆ ಕಣ್ಲಾ!"

"ಯಾರ್ ಇಡ್ಕೊಂಡ್ರೂ ಬುಡುಸ್ಕೊಬೇಕಲ್ಲಪ್ಪಾ! ಮುಳುಗ್ತೀವಿ!"

"ವಸಿ ತಡ್ಕೊ. ಬುಡ್ತಾಳೆ."

ಪ್ಯಾರಣ್ಣ ಮಚ್ಚು ಎತ್ತಿದ. ಅದೂ ಮಾವ ಮಾಡಿದ ಮಚ್ಚೇ. ಅಷ್ಟರಲ್ಲಿ ಹಗ್ಗ ಫಟ್ಟನೆ ಸಡಿಲವಾಯಿತು. ಹರಿಗೋಲು ಬುಗುರಿಯ ಹಾಗೆ ತಿರುಗಿತು, ನಾವು ಒಬ್ಬರ ಮೇಲೊಬ್ಬರು ಬಿದ್ದೆವು. ಮೊಸರನ್ನದ ಡಬ್ಬಿ ಕಾಳವ್ವನ ಪಾಲಾಯಿತು, ನಾನು ವಾಂತಿ ಮಾಡಿಕೊಂಡೆ. ಕೈಗೆ ಬಂದ ಹಗ್ಗವನ್ನು ಯಾರಾದರೂ ನೋಡುವ ಮೊದಲೇ ಅದೂ ನೀರಿಗೆ ಜಾರಿ ಹೋಗಿತ್ತು.

ದಡ ಸೇರಿದ ಮೇಲೆ ನಿಜವಾದ ಬಿರುಗಾಳಿ ಶುರುವಾಯಿತು. ನೀನು ಕೊಯ್ದೆ ಎಂದು ಮಾವ. ಮಚ್ಚು ಹಗ್ಗಕ್ಕೆ ಮುಟ್ಟಲೇ ಇಲ್ಲ, ಖುದಾ ಖಸಂ, ನಿನ್ನ ಬಳೆಯೇ ಬಿಟ್ಟುಕೊಂಡಿರಬೇಕು ಎಂದು ಪ್ಯಾರಣ್ಣ. ಒಬ್ಬನ ಮಾತಿಗೆ ಏಟು, ಇನ್ನೊಬ್ಬನ ಕೈಕೆಲಸಕ್ಕೆ ಏಟು. ಇಬ್ಬರ ಹತ್ತಿರವೂ ಇದ್ದದ್ದು ಅಷ್ಟೇ ಆಸ್ತಿ. ಇಬ್ಬರೂ ನನ್ನ ಕಡೆ ತಿರುಗಿದರು.

"ನೀನು ಎದುರ್ಗೇ ಕುಂತಿದ್ದಲ್ಲ. ಓದ್ದೋನು. ಏಳ್ಲಾ, ಇವ್ನು ಕುಯ್ದ ತಾನೆ?"

ನಾನು ನೆನಪಿಸಿಕೊಂಡೆ. ಮಚ್ಚು ಮೇಲಿದ್ದದ್ದು ಕಂಡಿತು. ಆಮೇಲೆ ಹಗ್ಗ ಸಡಿಲಾದದ್ದು ಕಂಡಿತು. ನಡುವೆ ಏನೂ ಕಾಣಲಿಲ್ಲ. ಈಗಲೂ ಕಾಣುವುದಿಲ್ಲ. "ಎರಡೂ ಸಾಧ್ಯತೆ ಇದೆ" ಎಂದೆ.

ಆ ದಿನ ಅವರಿಬ್ಬರೂ ಒಮ್ಮತದಿಂದ ಮಾಡಿದ ಕೊನೆಯ ಕೆಲಸವೆಂದರೆ ನನ್ನನ್ನು ಬೈದದ್ದು.

ಮಾರನೆಯ ದಿನದಿಂದ ಅವರು ಒಬ್ಬರನ್ನೊಬ್ಬರು ಬಹುವಚನದಲ್ಲಿ ಕರೆಯತೊಡಗಿದರು. ನಮ್ಮ ಕಡೆಯವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. "ಲೇ ಪ್ಯಾರು" ಹೋಗಿ "ಸಾಹೇಬ್ರು" ಆಯಿತು, "ಆಚಾರಿ" ಹೋಗಿ "ಆಚಾರ್ರು" ಆಯಿತು. ಅದೂ ಎದುರೆದುರು ಅಲ್ಲ, ಟೀ ಅಂಗಡಿಯವನ ಮುಖಾಂತರ. ಪ್ಯಾರಣ್ಣ ಪಟ್ಟಾ ಕಟ್ಟಿಸಲು ಮೈಸೂರಿಗೆ ಹೋಗತೊಡಗಿದ. ಟೆಂಪೋ ಕುಲುಮೆಯ ಮುಂದೆ ಹಾದು ಹೋದರೆ ಮಾವ ಕಿವಿ ನಿಮಿರಿಸಿ ಅದರ ಕಿರಿಕಿರಿ ಸದ್ದು ಕೇಳಿ, "ಯಾವನೋ ಬೇವಕೂಫ್ ಕಟ್ಟವ್ನೆ" ಎನ್ನುತ್ತಿದ್ದ. ಆ ಬೈಗುಳವನ್ನು ಅವನಿಗೆ ಕಲಿಸಿದವನು ಯಾರೆಂದು ಕುಲುಮೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ವರ್ಷಗಳು ಹೋದವು. ಗೋಣಿಮರ ಉರುಳಿತು, ಟ್ಯಾಂಕು ಕೆಡವಿದರು, ಗುರುತುಗಳೆಲ್ಲ ಹೋದವು. ಆ ಜಾಗಕ್ಕೆ ಪ್ಯಾರಣ್ಣನೂ ಹೋಗಲಿಲ್ಲ. ನಾನು ನಾಗಮಂಗಲದ ಕಾಲೇಜಿನಲ್ಲಿ ಪಾಠ ಹೇಳಲು ಸೇರಿ, ನೀರಿಗಿಂತ ತೆಂಗೇ ಹೆಚ್ಚು ಕಾಣುವ ಊರಿನಲ್ಲಿ ನೆಲೆ ನಿಂತೆ. ಗೆಳೆಯರಿಗೆ ಈ ಕಥೆ ಹೇಳುತ್ತ ಹೇಳುತ್ತ ಒಂದು ವರ್ಷ ಪ್ಯಾರಣ್ಣ ಹಗ್ಗ ಕೊಯ್ದ, ಇನ್ನೊಂದು ವರ್ಷ ಬಳೆ ಬಿಟ್ಟುಕೊಂಡಿತು. ಕೇಳುವವರ ಮುಖ ನೋಡಿ ಹೇಳುತ್ತಿದ್ದೆ. ಹೇಳಿದ್ದೆಲ್ಲ ನೋಡಿದ ಹಾಗೆಯೇ ಆಗಿಬಿಡುತ್ತಿತ್ತು.

ಡಾಂಬರಿನ ಕೆಮ್ಮು ನಿಂತ ಮೇಲೆ ನಾನು ಪ್ಯಾರಣ್ಣನಿಗೆ ಫೋನು ಮಾಡಿದೆ. ಯಾಕೆಂದು ನನಗೇ ಗೊತ್ತಿರಲಿಲ್ಲ. "ಅರೇ ಪ್ರೊಫೆಸರ್! ನಾನೇ ಮಾಡೋಣ ಅಂತಿದ್ದೆ" ಎಂದ. ಈ ಬೇಸಿಗೆ ನೀರು ಬಹಳ ಹಿಂದಕ್ಕೆ ಹೋಗಿದೆ, ಕುರಿ ಮೇಯಿಸುವವನೊಬ್ಬ ನೀರಿನ ನಡುವೆ ಗೋಡೆ ಎದ್ದಿದೆ, ಅದರಲ್ಲಿ ಕಬ್ಬಿಣದ ಉಗುರು ಕಾಣುತ್ತಿದೆ ಎಂದು ಹೇಳಿದನಂತೆ. ಆಮೇಲೆ ದನಿ ತಗ್ಗಿಸಿದ: "ನಿನ್ ಮಾಮುಗೆ ಏಳು. ನಾನು ಅತ್ರಕ್ಕೂ ಓಗಿಲ್ಲ, ಮುಟ್ಟೂ ಇಲ್ಲ. ಮುಟ್ಟುದ್ರೆ ಅದುಕ್ಕೂ ನನ್ನೇ ಅಂತಾನೆ."

ಪಾಂಡವಪುರಕ್ಕೆ ಹೋದೆ. ಮಾವನ ಒಂದು ಕಣ್ಣಿಗೆ ಪೊರೆ ತೆಗೆಸಿದ್ದಾರೆ, ಇನ್ನೊಂದಕ್ಕೆ ಅವನು ಒಪ್ಪಿಲ್ಲ. ಕುಲುಮೆಯಲ್ಲಿ ಈಗ ವೆಲ್ಡಿಂಗ್ ಮಾಡುವ ಅವನ ಮಗನಿದ್ದಾನೆ. ಮಾವ ಮೂಲೆಯಲ್ಲಿ ಕೂತು ವೆಲ್ಡಿಂಗನ್ನು ಹೀಯಾಳಿಸುತ್ತಾನೆ. ಲಂಗರು ಸಿಕ್ಕಿದೆ ಎಂದೆ. ಎಲ್ಲಿ, ಯಾವಾಗ, ಯಾರು ನೋಡಿದರು ಎಂದು ಅವನು ಕೇಳಲಿಲ್ಲ.

"ಬಾಗ್ಬುಟ್ಟದಾ?" ಎಂದ.

"ಗೊತ್ತಿಲ್ಲ ಮಾವ."

"ಗೊತ್ತಿಲ್ಲ, ಗೊತ್ತಿಲ್ಲ. ಓದ್ಸಿದ್ದೇ ದಂಡ. ನಡಿ."

ದಡದಲ್ಲಿ ಪ್ಯಾರಣ್ಣ ಕಾಯುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. ಹರಿಗೋಲಿಗೆ ಹೊಸದಾಗಿ ಡಾಂಬರು ಬಳಿದಿದ್ದ, ವಾಸನೆ ಗಮ್ಮೆನ್ನುತ್ತಿತ್ತು. ಒಣಗಿ ಬಿರುಕು ಬಿಟ್ಟ ಕೆಸರು, ಸತ್ತ ಬಸವನಹುಳುವಿನ ಚಿಪ್ಪು, ಅದರಾಚೆ ಸೊಂಟದ ಮಟ್ಟದ ನೀರು, ಅಡಿಯಲ್ಲಿ ಕಾಲು ಹೂತುಹೋಗುವ ಹೂಳು, ನೀರಿನ ನಡುವೆ ಒಂದು ಮೋಟುಗೋಡೆ. ಅಲ್ಲಿಗೆ ಹೋಗಬೇಕಾದರೆ ಹರಿಗೋಲು ಹತ್ತಲೇಬೇಕು.

"ಬನ್ನಿ ಆಚಾರ್ರೇ" ಎಂದು ಪ್ಯಾರಣ್ಣ ಕೈ ಚಾಚಿದ.

"ಇರ್‍ಲಿ ಸಾಹೇಬ್ರೇ" ಎಂದ ಮಾವ ಕೈ ಹಿಡಿಯದೆ ಅಂಚು ಹಿಡಿದು ಹತ್ತಿ, ನನ್ನ ಮೇಲೆ ಬಿದ್ದ.

ದಾರಿಯುದ್ದಕ್ಕೂ ಹುಟ್ಟಿನ ಸದ್ದು ಮಾತ್ರ. ಗೋಡೆ ಹತ್ತಿರವಾದಂತೆ ಮಾವ ಚಪ್ಪಲಿ ಕಳಚಿದ, ಕೈ ಜೋಡಿಸಿದ. ಆಮೇಲೆ ಕೈ ಜೋಡಿಸಿಕೊಂಡೇ ತನ್ನ ಒಳ್ಳೆಯ ಕಣ್ಣನ್ನು ಕಿರಿದು ಮಾಡಿ ನೋಡಿದ.

ನಾನೂ ನೋಡಿದೆ. ಸಿಮೆಂಟು ಕಿತ್ತುಹೋದ ಇಟ್ಟಿಗೆ ಗೋಡೆ. ನಡುವೆ ತುಕ್ಕು ಹಿಡಿದ ಒಂದು ದಪ್ಪ ಕಬ್ಬಿಣದ ಪೈಪು ಮೊಣಕೈಯ ಹಾಗೆ ಬಗ್ಗಿ ನೀರಿಗೆ ಇಳಿದಿತ್ತು. ಪಕ್ಕದಲ್ಲಿ ಮೋಟಾರು ಕೂರಿಸುವ ಕಟ್ಟೆ, ಅದರಲ್ಲಿ ನಾಲ್ಕು ಬೋಲ್ಟು. ಯಾವುದೋ ಬರದ ವರ್ಷ ನೀರು ಹಿಂದಕ್ಕೆ ಹೋದಾಗ ಯಾರೋ ಕಬ್ಬಿಗೆ ನೀರೆತ್ತಲು ಕಟ್ಟಿದ ಪಂಪ್‌ಹೌಸು. ನಾವು ಭಾನುವಾರ ಭಾನುವಾರ ಕೈ ಮುಗಿದದ್ದು, ಸಲಾಮು ಹೊಡೆದದ್ದು, ಕತ್ತು ಬಗ್ಗಿಸಿದ್ದು ಇದಕ್ಕೆ. ನನ್ನ 'ತುಂಬಾ ಹಳೆಯ' ಇಟ್ಟಿಗೆಗೆ ನನಗಿಂತ ಹೆಚ್ಚು ವಯಸ್ಸಾಗಿರಲಿಕ್ಕಿಲ್ಲ.

ನನಗೆ ನಗು ಬರುವ ಹಾಗಾಯಿತು, ಆದರೆ ಮಾವನ ಜೋಡಿಸಿದ ಕೈ ಇನ್ನೂ ಬಿಟ್ಟಿರಲಿಲ್ಲ. ಅದನ್ನು ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಪ್ಯಾರಣ್ಣ ಆ ಕೈಗಳನ್ನೇ ನೋಡುತ್ತಿದ್ದ. ಈಗ ಅವನು ಒಂದು ಮಾತು ಆಡಿದರೆ ಸಾಕು, ಇಷ್ಟು ವರ್ಷಗಳ ಸೇಡು ಬಡ್ಡಿ ಸಮೇತ ತೀರುತ್ತಿತ್ತು.

ಮಾವ ಗಂಟಲು ಸರಿಮಾಡಿಕೊಂಡ. "ಅಮ್ಮ ಇನ್ನೂ ಕೆಳೀಕವ್ಳೆ" ಎಂದ.

"ಊಂ ಮತ್ತೆ" ಎಂದ ಪ್ಯಾರಣ್ಣ ತಕ್ಷಣ. "ಇದ್ರ ಕೆಳಿಕೇ ಅವ್ಳೆ. ಇಲ್ದಿದ್ರೆ ಅಷ್ಟು ಮೀನು ಎಲ್ಲಿಂದ ಬತ್ತಿದ್ವು? ಪಂಪ್‌ಹೌಸ್‌ಗೆ ಮೀನು ಬತ್ತದಾ?"

ಇಬ್ಬರೂ ನನ್ನ ಕಡೆ ನೋಡಿದರು. ಪಂಪ್‌ಹೌಸಿಗೂ ಮೀನು ಬರುತ್ತದೆ, ಮೀನಿಗೆ ಮರೆ ಬೇಕು, ಪಾಚಿ ಬೇಕು, ದೇವರು ಬೇಕಾಗಿಲ್ಲ. "ಇರಬಹುದು" ಎಂದೆ.

ಲಂಗರು ಆ ಪೈಪಿನ ಮೊಣಕೈಯನ್ನು ಹಿಡಿದುಕೊಂಡಿತ್ತು. ಮಾವ ಬಗ್ಗಿ ಕೈ ಇಳಿಬಿಟ್ಟು ಒಂದೊಂದೇ ಕೊಕ್ಕೆಯನ್ನು ತಡವಿದ. ತುಕ್ಕು ಪದರ ಪದರವಾಗಿ ಏಳುತ್ತಿತ್ತು, ಆದರೆ ನಾಲ್ಕೂ ಕೊಕ್ಕೆ ಹುಲಿಯುಗುರಿನ ಹಾಗೇ ಇದ್ದವು. ಬಳೆ ಬಿಟ್ಟುಕೊಂಡಿರಲಿಲ್ಲ. ಬಳೆಯಲ್ಲಿ ಮಾವ ಹಾಕಿದ ಗಂಟು, ಗಂಟಿನಲ್ಲಿ ಮೊಳದುದ್ದದ ಹಗ್ಗ. ಹಗ್ಗದ ತುದಿ ಪೈಪಿನ ಒಡೆದ ಬಾಯಿಗೆ ತಾಕಿ ನಿಂತಿತ್ತು. ಆ ಬಾಯಿ ಗರಗಸದ ಹಾಗಿತ್ತು. ಅದಕ್ಕೆ ಉಜ್ಜಿ ಉಜ್ಜಿ ಹಗ್ಗ ಸವೆದು, ತುದಿಯ ಎಳೆಗಳು ಗಡ್ಡದ ಹಾಗೆ ಬಿಚ್ಚಿಕೊಂಡಿದ್ದವು.

"ನೋಡ್ಲಾ! ಬಾಗಿಲ್ಲ! ಬಳೇನೂ ಬುಟ್ಟಿಲ್ಲ!" ಎಂದು ಮಾವ ಕೂಗಿದ.

"ನೋಡು! ಕುಯ್ದಿಲ್ಲ! ಸವ್ದು ಓಗದೆ! ಏಳ್ಲಿಲ್ವ ನಾನು, ಖುದಾ ಖಸಂ ಅಂತ!" ಎಂದು ಪ್ಯಾರಣ್ಣ ಅದಕ್ಕಿಂತ ಜೋರಾಗಿ ಕೂಗಿದ.

"ನೀನು ಗ್ವಾಡೆ ಅತ್ರಕ್ಕೆ ಬುಟ್ಟಿದ್ದುಕ್ಕೇ ಸವ್ದಿದ್ದು, ಬೇವಕೂಫ್!"

"ಬಾಗೋದು ಮಾಡಿದ್ರೆ ಸವೀತಾನೇ ಇರ್‍ಲಿಲ್ಲ, ಮೂರ್ಖ ಆಚಾರಿ!"

ಬಹುವಚನ ನೀರಿಗೆ ಬಿದ್ದದ್ದನ್ನು ಅವರಿಬ್ಬರೂ ಗಮನಿಸಲಿಲ್ಲ.

ನಾನು ಆ ಹಗ್ಗದ ತುದಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ಅಭ್ಯಾಸಬಲ, ಏನು ಮಾಡಲಿ. ಎಳೆಗಳೆಲ್ಲ ಸವೆದವೇ. ಒಂದೆರಡು ಮಾತ್ರ ಸ್ವಲ್ಪ ನೇರವಾಗಿ ತುಂಡಾದ ಹಾಗೆ ಕಂಡವು. ನಾನು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೆ.

ಲಂಗರು ಬಿಡಿಸುವುದು ಏನೂ ಕಷ್ಟವಾಗಲಿಲ್ಲ. ಗೋಡೆಯ ಆಚೆ ಕಡೆಯಿಂದ ಎತ್ತಿದರೆ ಮಗುವಿನ ಹಾಗೆ ಕೈಗೆ ಬಂತು. ದಡಕ್ಕೆ ಬಂದಾಗ ಪ್ಯಾರಣ್ಣ ಕೈ ಚಾಚಲಿಲ್ಲ, ಮಾವನೇ ಅವನ ಭುಜ ಹಿಡಿದು ಇಳಿದ. ಲಂಗರನ್ನು ನನ್ನ ಸ್ಕೂಟರಿನ ಮುಂದೆ ಇಟ್ಟು, "ನೀನೇ ಮಡಿಕ್ಕೊ" ಎಂದ. "ಇದ್ರಲ್ಲಿ ಮೀನು ಇಡಿಯಕಾಗಲ್ಲ."

ಹಾಗೆ ಅದು ಈಗ ನಾಗಮಂಗಲದಲ್ಲಿ, ನಮ್ಮ ವರಾಂಡದಲ್ಲಿ ಇದೆ. ಹೊಳೆಯಿಲ್ಲದ ಊರಿನಲ್ಲಿ ಇದೇಕೆ ಎಂದು ಬಂದವರು ಕೇಳುತ್ತಾರೆ. ಹೆಂಡತಿ ಅದಕ್ಕೆ ಒದ್ದೆ ಟವಲು ನೇತುಹಾಕುತ್ತಾಳೆ. ನೇತುಹಾಕಿದ್ದು ಯಾವುದೂ ಇದುವರೆಗೆ ಕೆಳಗೆ ಬಿದ್ದಿಲ್ಲ.

ಮೊನ್ನೆ ಭಾನುವಾರ ಗೇಟಿನ ಬಳಿ ನಿಂತಿದ್ದೆ. ರಸ್ತೆ ಗಟ್ಟಿಯಾಗಿ, ಮಧ್ಯಾಹ್ನದ ಬಿಸಿಲಿಗೆ ಮಾತ್ರ ಸ್ವಲ್ಪ ವಾಸನೆ ಏಳುತ್ತದೆ. ಪ್ಯಾರಣ್ಣನ ಫೋನು ಬಂತು. ಹಿಂದೆ ಗಾಳಿ, ನೀರು ಬಡಿಯುವ ಸದ್ದು.

"ಪ್ರೊಫೆಸರ್, ಕೇಳು! ನಿನ್ ಮಾಮು ಹೊಸ ಲಂಗರು ಮಾಡಿಕೊಟ್ಟವ್ನೆ. ಸಣ್ಣ ಕಂಬಿ. ಕುಲುಮೇಗೂ ಆಕಿಲ್ಲ, ಮಗ ಮನೇಲಿಲ್ದಾಗ ಮಂಡಿಗೆ ಕೊಟ್ಟು ಬಗ್ಸವ್ನೆ. ಈಗ ಇಲ್ಲಿ ಬಂಡೆ ಸಂದೀಲಿ ಸಿಕ್ಕಾಕ್ಕೊಂಡಿತ್ತು. ಎಳುದ್ವಿ ನೋಡು, ನಾಕೂ ಕೊಕ್ಕೆ ನೆಟ್ಟಗಾಗಿ..."

ಅಷ್ಟರಲ್ಲಿ ಹಿಂದಿನಿಂದ ಮಾವನ ಕೂಗು: "ಲೇ, ಬಾಗ್ತು ಅಂತ ಅವ್ನಿಗೆ ಏಳ್ಬ್ಯಾಡ ಕಣ್ಲಾ! ಫೋನ್ ಕೊಡು ಇಲ್ಲಿ!" ಹರಿಗೋಲು ಅಲ್ಲಾಡಿದ ಸದ್ದು, ಪ್ಯಾರಣ್ಣನ ನಗು, ಆಮೇಲೆ ಕಿವಿಯ ಹತ್ತಿರವೇ ಮಾವನ ಏದುಸಿರು.

"ಏನಾರ ಕೇಳುಸ್ತೇನ್ಲಾ ನಿಂಗೆ?"

ಎರಡು ಸಾಧ್ಯತೆ ಇರಲಿಲ್ಲ. ಅಷ್ಟು ಸ್ಪಷ್ಟವಾಗಿ ನಾನು ಬದುಕಿನಲ್ಲಿ ಏನನ್ನೂ ಕೇಳಿಸಿಕೊಂಡಿರಲಿಲ್ಲ.

"ಇಲ್ಲ ಮಾವ" ಎಂದೆ. "ಗಾಳಿ ಸದ್ದು. ಏನೂ ಕೇಳಿಸಲಿಲ್ಲ."